ಒಡೆಯನಿಲ್ಲದ ಅಂಚೆ

2019ರ ನವೆಂಬರ್‌ನಲ್ಲಿ ನಮ್ಮ ದೇಶದ ಸಾವಿರಾರು ಮಂದಿ ಟ್ವಿಟರ್ ತೊರೆದು, ಅದುವರೆಗೆ ಹೆಸರನ್ನೂ ಕೇಳಿರದ 'ಮಾಸ್ಟೊಡಾನ್' ಎಂಬ ಜಾಲಕ್ಕೆ ಗುಳೆ ಹೊರಟರು. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಎರಡು ಬಾರಿ ಅಮಾನತುಗೊಳಿಸಿದ್ದು ಇದಕ್ಕೆ ಕಾರಣ. ಮೊದಲ ಬಾರಿ, 1936ರ ಹ್ಯಾಂಬರ್ಗ್‌ನ ಒಂದು ಛಾಯಾಚಿತ್ರಕ್ಕಾಗಿ. ಹಡಗುಕಟ್ಟೆಯ ಕಾರ್ಮಿಕರೆಲ್ಲ ನಾಜಿ ವಂದನೆಗೆ ಕೈ ಚಾಚಿ ನಿಂತಿರುವಾಗ ಒಬ್ಬನೇ ಒಬ್ಬ ಕೈಕಟ್ಟಿ ನಿಂತಿರುವ ಚಿತ್ರ ಅದು. ಎರಡನೆಯ ಬಾರಿ, ಹಿಂದಿ ಕವಿ ಗೋರಖ್ ಪಾಂಡೆಯವರ ಒಂದು ಕವಿತೆಗಾಗಿ. ನಾಜಿಗಳನ್ನು ಧಿಕ್ಕರಿಸಿದವನ ಚಿತ್ರವನ್ನು ನಾಜಿಗಳ ಪರವಾದ ಚಿತ್ರವೆಂದು ಓದಿದ್ದು ಯಂತ್ರವೋ ಮನುಷ್ಯನೋ ಎಂದು ಕೇಳಲು ಹೋದವರಿಗೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಗುಳೆ ಹೋದವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಮರಳಿ ಬಂದರು. ಇದನ್ನು ಹೇಳಿ ನಗುವವರಿದ್ದಾರೆ. ನಮಗೆ ನಗು ಬರುವುದಿಲ್ಲ. ಯಾಕೆಂದರೆ ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು. ಮಾತು ನಮ್ಮದು, ಕೇಳುವವರು ನಮ್ಮವರು, ಹೀಗಿರುವಾಗ ನಡುವೆ ಒಬ್ಬ ಒಡೆಯ ಯಾಕೆ ಬೇಕು? ಈ ಪ್ರಶ್ನೆಗೆ ಉತ್ತರ ಟ್ವಿಟರ್ ಹುಟ್ಟುವುದಕ್ಕೆ ಕಾಲು ಶತಮಾನ ಮೊದಲೇ ಸಿಕ್ಕಿತ್ತು. ಸಿಕ್ಕದ್ದು ಕೈತಪ್ಪಿದ್ದು ಹೇಗೆ ಎಂಬುದೇ ಇಲ್ಲಿನ ಕತೆ.

1979ರಲ್ಲಿ ಅಮೆರಿಕದಲ್ಲಿ ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲವಿತ್ತು. ಅದು ರಕ್ಷಣಾ ಇಲಾಖೆಯ ಹಣದಲ್ಲಿ ನಡೆಯುತ್ತಿತ್ತು. ಇಲಾಖೆಯ ಕೆಲಸ ಮಾಡುವ ಸಂಸ್ಥೆಗಳಿಗಷ್ಟೇ ಅದರೊಳಗೆ ಪ್ರವೇಶ. ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಆ ಭಾಗ್ಯವಿರಲಿಲ್ಲ. ಅಲ್ಲಿನ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಬೇರೊಂದು ದಾರಿ ಯೋಚಿಸಿದರು. ಯುನಿಕ್ಸ್ ಯಂತ್ರಗಳಲ್ಲಿ ಒಂದು ಕಂಪ್ಯೂಟರು ಇನ್ನೊಂದಕ್ಕೆ ಸಾಮಾನ್ಯ ದೂರವಾಣಿಯ ಮೂಲಕ ಕರೆ ಮಾಡಿ ಕಡತ ಕಳಿಸುವ ಸೌಲಭ್ಯ ಆಗಷ್ಟೇ ಬಂದಿತ್ತು. ಅದನ್ನೇ ಬಳಸಿ ಪಕ್ಕದ ಚಾಪೆಲ್ ಹಿಲ್ಲಿನ ವಿಶ್ವವಿದ್ಯಾಲಯದೊಂದಿಗೆ ಸುದ್ದಿ ವಿನಿಮಯ ಮಾಡಿಕೊಂಡರೆ ಹೇಗೆ? ಚಾಪೆಲ್ ಹಿಲ್ಲಿನ ಸ್ಟೀವ್ ಬೆಲೊವಿನ್ ಮೊದಲ ಪ್ರೋಗ್ರಾಂ ಬರೆದರು. 1980ರಲ್ಲಿ ಅದನ್ನು ಇತರರಿಗೂ ಹಂಚಿದರು. ಹೀಗೆ ಹುಟ್ಟಿದ್ದು ಯೂಸ್‌ನೆಟ್. 'ಬಡವರ ಅರ್ಪಾನೆಟ್' ಎಂದು ಅದನ್ನು ಕರೆಯುತ್ತಿದ್ದರು.

ಅದರ ವ್ಯವಸ್ಥೆ ಬಹಳ ಸರಳ. ಮೊಹಲ್ಲಾದಲ್ಲಿ ಯಾರಾದರೂ ತೀರಿಕೊಂಡರೆ ಸುದ್ದಿ ಮನೆಯಿಂದ ಮನೆಗೆ ಹೋಗುತ್ತದಲ್ಲ, ಹಾಗೆ. ಯಾರೋ ಒಬ್ಬರು ತಮ್ಮೂರಿನ ಯಂತ್ರದಲ್ಲಿ ಒಂದು ಪತ್ರ ಬರೆದಿಡುತ್ತಾರೆ. ರಾತ್ರಿ, ಫೋನಿನ ದರ ಇಳಿದ ಮೇಲೆ, ಆ ಯಂತ್ರ ನೆರೆಯ ಯಂತ್ರಕ್ಕೆ ಕರೆ ಮಾಡಿ ಹೊಸ ಪತ್ರಗಳನ್ನೆಲ್ಲ ಒಪ್ಪಿಸುತ್ತದೆ. ಆ ನೆರೆಯದು ತನ್ನ ನೆರೆಯದಕ್ಕೆ. ಪ್ರತಿ ಪತ್ರಕ್ಕೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಒಮ್ಮೆ ಬಂದದ್ದು ಮತ್ತೊಂದು ದಾರಿಯಿಂದ ಬಂದರೆ ಯಂತ್ರ ಅದನ್ನು ಬೇಡವೆನ್ನುತ್ತದೆ. ಎಲ್ಲ ಕಡೆಯೂ ಎಲ್ಲ ಪತ್ರಗಳ ಪ್ರತಿ. ಪ್ರಧಾನ ಕಚೇರಿ ಎಂಬುದೇ ಇಲ್ಲ. ಒಂದು ಯಂತ್ರ ಕೆಟ್ಟರೆ ಸುದ್ದಿ ಸುತ್ತಿ ಬಳಸಿ ಹೋಗುತ್ತದೆ. ಫೋನ್ ಬಿಲ್ಲನ್ನು ಆಯಾ ಸಂಸ್ಥೆಯೇ ಭರಿಸಬೇಕು. ಎಷ್ಟೋ ಕಡೆ ಯಂತ್ರ ನೋಡಿಕೊಳ್ಳುವವರು ಮೇಲಿನವರಿಗೆ ಹೆಚ್ಚು ವಿವರಿಸದೆ ಈ ಖರ್ಚನ್ನು ಬೇರೆ ಖರ್ಚುಗಳೊಳಗೆ ಸೇರಿಸಿಬಿಡುತ್ತಿದ್ದರು. ಜಗತ್ತಿನ ಮೊದಲ ದೊಡ್ಡ ಸಾರ್ವಜನಿಕ ಹರಟೆಕಟ್ಟೆ ನಿಂತದ್ದು ಹೀಗೆ ಗೊಣಗಾಡದೆ ತೆತ್ತ ಬಿಲ್ಲುಗಳ ಮೇಲೆ.

1984ರ ಏಪ್ರಿಲ್ ಒಂದರಂದು ಸೋವಿಯತ್ ನಾಯಕ ಚೆರ್ನೆಂಕೊ ಅವರ ಹೆಸರಿನಲ್ಲಿ ಒಂದು ಪತ್ರ ಬಂತು. ತಾವೂ ಈ ಜಾಲ ಸೇರಿದ್ದೇವೆ, ಎಲ್ಲರಿಗೂ ನಮಸ್ಕಾರ ಎಂಬ ಅರ್ಥದ್ದು. ಬಂದದ್ದು 'ಕ್ರೆಮ್‌ವ್ಯಾಕ್ಸ್' ಎಂಬ ಯಂತ್ರದಿಂದ. ಹಾಲೆಂಡಿನ ಪೀಟ್ ಬೀರ್ಟೆಮಾ ಎಂಬವರು ಮಾಡಿದ ತಮಾಷೆ ಅದು, ನಂಬಿದವರಿಗೇನೂ ಕೊರತೆಯಿರಲಿಲ್ಲ. ಕೆಲವು ವರ್ಷಗಳ ನಂತರ ಮಾಸ್ಕೋದ ತಂತ್ರಜ್ಞರು ನಿಜವಾಗಿಯೂ ಜಾಲಕ್ಕೆ ಸೇರಿದಾಗ ತಮ್ಮ ಒಂದು ಯಂತ್ರಕ್ಕೆ ಅದೇ ಹೆಸರಿಟ್ಟರು. 1991ರ ಆಗಸ್ಟ್‌ನಲ್ಲಿ ಗೊರ್ಬಚೆವ್ ವಿರುದ್ಧ ಕ್ಷಿಪ್ರದಂಗೆ ನಡೆದು, ಪತ್ರಿಕೆ-ದೂರದರ್ಶನಗಳ ಬಾಯಿಗೆ ಬೀಗ ಬಿದ್ದಾಗ, 'ರೆಲ್‌ಕಾಮ್' ಎಂಬ ಈ ಜಾಲದ ಮೂಲಕವೇ ಮಾಸ್ಕೋದ ಬೀದಿಯ ಸುದ್ದಿ ಹೊರಗೆ ಹೋಯಿತು, ಹೊರಗಿನ ಸುದ್ದಿ ಒಳಗೆ ಬಂತು. ದಂಗೆಕೋರರಿಗೆ ಟ್ಯಾಂಕುಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂದು ಗೊತ್ತಿತ್ತು. ಈ ಫೋನ್ ತಂತಿಗಳನ್ನು ಕತ್ತರಿಸಬೇಕೆಂದು ಹೊಳೆಯಲಿಲ್ಲ. ಅದೇ ತಿಂಗಳು ಟಿಮ್ ಬರ್ನರ್ಸ್-ಲೀ 'ವರ್ಲ್ಡ್ ವೈಡ್ ವೆಬ್'ನ ಸುದ್ದಿಯನ್ನೂ, ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ, ಮುಂದೆ ಲಿನಕ್ಸ್ ಎನಿಸಿಕೊಂಡ ವ್ಯವಸ್ಥೆಯ ಸುದ್ದಿಯನ್ನೂ ಲೋಕಕ್ಕೆ ತಿಳಿಸಿದ್ದು ಇದೇ ಯೂಸ್‌ನೆಟ್‌ನ ಎರಡು ಗುಂಪುಗಳಲ್ಲಿ.

ನಮ್ಮವರೂ ಅಲ್ಲಿದ್ದರು. ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಓದಲು ಹೋದ ಭಾರತೀಯರು 1980ರ ದಶಕದಲ್ಲೇ ತಮ್ಮದೊಂದು ಗುಂಪು ಕಟ್ಟಿಕೊಂಡರು. ಮುಂದೆ 'ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ' ಎಂಬ ಕನ್ನಡಿಗರ ಗುಂಪೂ, 'ಆಲ್ಟ್.ಲ್ಯಾಂಗ್ವೇಜ್.ಉರ್ದು.ಪೊಯೆಟ್ರಿ' ಎಂಬ ಉರ್ದು ಕಾವ್ಯದ ಗುಂಪೂ ಬಂದವು. ಕನ್ನಡ ಲಿಪಿಯಿಲ್ಲ, ಉರ್ದು ಲಿಪಿಯಿಲ್ಲ. ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲೇ. ಒಂದು ಶಾಲೆಯಲ್ಲಿ ಬಲದಿಂದ ಎಡಕ್ಕೆ, ಇನ್ನೊಂದರಲ್ಲಿ ಎಡದಿಂದ ಬಲಕ್ಕೆ ಬರೆದು ಕಲಿತ ನಮಗೆ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ಈ ಪುಟಗಳನ್ನು ಮೊದಲು ನೋಡಿದಾಗ ಇರಿಸುಮುರಿಸಾಗಿತ್ತು. ಆದರೆ ನಿಧಾನವಾಗಿ ಬೇರೆಯದೊಂದು ಕಾಣಿಸಿತು. ಲಿಪಿ ಇಲ್ಲವಾದ್ದರಿಂದಲೇ, ನಾಗರಿ ಮಾತ್ರ ಬಲ್ಲ ಗಾಲಿಬ್ ಪ್ರೇಮಿಯೂ ಉರ್ದು ಲಿಪಿಯಲ್ಲೇ ಬೆಳೆದ ಕರಾಚಿಯವನೂ ಒಂದೇ ದಸ್ತರಖಾನಿನಲ್ಲಿ ಕೂತಿದ್ದರು. ಒಬ್ಬರು ಗಜಲ್ ಹಾಕಿದರೆ ಇನ್ನೊಬ್ಬರು ಕಠಿಣ ಪದಗಳಿಗೆ ಅರ್ಥ ಬರೆಯುವರು, ಮೂರನೆಯವರು ಛಂದಸ್ಸಿನ ತಪ್ಪು ಹಿಡಿಯುವರು. ಉರ್ದು-ಹಿಂದಿ ಜಗಳದಲ್ಲಿ ಲಿಪಿಯ ಪಾಲೆಷ್ಟು, ಭಾಷೆಯ ಪಾಲೆಷ್ಟು ಎಂಬ ಬಗ್ಗೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಇಲ್ಲಿ ಅದು ತಾನಾಗಿಯೇ ಬಯಲಾಗಿತ್ತು. ಇದನ್ನು ಯಾವ ಅಕಾಡೆಮಿಯೂ ನಡೆಸಲಿಲ್ಲ, ಯಾವ ಕಂಪನಿಯೂ ಪ್ರಾಯೋಜಿಸಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಒಡೆಯನಿಲ್ಲ ಎಂದ ಮಾತ್ರಕ್ಕೆ ಯಜಮಾನಿಕೆ ಇಲ್ಲವೆಂದಲ್ಲ. ಹೆಚ್ಚು ಬಿಲ್ಲು ಕಟ್ಟುತ್ತಿದ್ದ ದೊಡ್ಡ ಯಂತ್ರಗಳ ಮೇಲ್ವಿಚಾರಕರದೇ ಒಂದು ಕೂಟವಾಗಿತ್ತು. ಯಾವ ಗುಂಪು ಇರಬೇಕು, ಅದರ ಹೆಸರೇನಿರಬೇಕು ಎಂದು ಅವರು ತೀರ್ಮಾನಿಸುತ್ತಿದ್ದರು. 1987ರಲ್ಲಿ ಇದರ ವಿರುದ್ಧ ಬಂಡಾಯವೆದ್ದಿತು. ಕಾರಣಗಳಲ್ಲೊಂದು ಕೇಳಿದರೆ ನಗು ಬರುತ್ತದೆ. ಬ್ರಯಾನ್ ರೀಡ್ ಎಂಬ ವಿಜ್ಞಾನಿ ಅಡುಗೆ ಪಾಕಗಳ ಗುಂಪೊಂದನ್ನು ನಡೆಸುತ್ತಿದ್ದರು. ಕೂಟದವರು ಅದರ ಹೆಸರು ಬದಲಾಯಿಸಹೊರಟರು. ರೀಡ್, ಜಾನ್ ಗಿಲ್ಮೋರ್ ಮೊದಲಾದವರು ಯಾರ ಅಪ್ಪಣೆಯೂ ಬೇಡದ 'ಆಲ್ಟ್' ಎಂಬ ಪ್ರತ್ಯೇಕ ಶಾಖೆ ತೆರೆದರು. ನಮ್ಮ ಉರ್ದು ಕಾವ್ಯದ ಗುಂಪು ಮುಂದೆ ನೆಲೆ ಕಂಡದ್ದು ಈ ಶಾಖೆಯಲ್ಲೇ.

ದ್ವೇಷಕ್ಕೂ ಅಲ್ಲಿ ಬರವಿರಲಿಲ್ಲ. ಭಾರತ-ಪಾಕಿಸ್ತಾನದ ಗುಂಪುಗಳಲ್ಲಿ ಕಾಶ್ಮೀರದ ಹೆಸರೆತ್ತಿದರೆ ಸಾಕಿತ್ತು. 1994ರಲ್ಲಿ 'ಸೆರ್ದಾರ್ ಅರ್ಗಿಕ್' ಎಂಬ ಹೆಸರಿನಲ್ಲಿ ಒಂದು ಯಂತ್ರ ಆರ್ಮೇನಿಯನ್ನರ ವಿರುದ್ಧ ಉದ್ದುದ್ದ ಪತ್ರಗಳನ್ನು ಎಲ್ಲೆಡೆ ಸುರಿಯುತ್ತಿತ್ತು. 'ಟರ್ಕಿ' ಎಂಬ ಪದ ಕಂಡಲ್ಲೆಲ್ಲ ಅದು ನುಗ್ಗುತ್ತಿತ್ತು. ಹಬ್ಬದೂಟದ ಟರ್ಕಿ ಕೋಳಿಯ ಬಗ್ಗೆ ಬರೆದವರನ್ನೂ ಬಿಡಲಿಲ್ಲ. ಅದೇ ವರ್ಷ ಏಪ್ರಿಲ್ 12ರಂದು ಅರಿಜೋನಾದ ಕ್ಯಾಂಟರ್ ಮತ್ತು ಸೀಗೆಲ್ ಎಂಬ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಐದು ಸಾವಿರಕ್ಕೂ ಹೆಚ್ಚು ಗುಂಪುಗಳಿಗೆ ಒಟ್ಟಿಗೆ ಎಸೆದರು. ಅದಕ್ಕೂ ಸ್ವಲ್ಪ ಮೊದಲು, 1993ರ ಹೊತ್ತಿಗೆ, ದೊಡ್ಡ ಕಂಪನಿಗಳು ತಮ್ಮ ಲಕ್ಷಾಂತರ ಗಿರಾಕಿಗಳನ್ನು ಯೂಸ್‌ನೆಟ್‌ಗೆ ಬಿಡಲಾರಂಭಿಸಿದ್ದವು. ಅದುವರೆಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜುಗಳಿಗೆ ಬರುವ ಹೊಸಬರಿಗೆ ಹಳಬರು ಒಂದೆರಡು ತಿಂಗಳಲ್ಲಿ ರೀತಿರಿವಾಜು ಕಲಿಸಿಬಿಡುತ್ತಿದ್ದರು. ಈಗ ಹೊಸಬರ ಪ್ರವಾಹ ನಿಲ್ಲಲೇ ಇಲ್ಲ. ಹಳಬರು ಇದನ್ನು 'ಮುಗಿಯದ ಸೆಪ್ಟೆಂಬರ್' ಎಂದರು. ಈ ಹೆಸರಿನಲ್ಲಿರುವ ತಾತ್ಸಾರ ನಮಗೆ ಒಪ್ಪಿಗೆಯಿಲ್ಲ. ಹೊಸಬರಿಗೆ ಅದಬ್ ಕಲಿಸುವ ತಾಳ್ಮೆ ಮುಗಿದದ್ದು ಹಳಬರದು.

ಆದರೂ ಯೂಸ್‌ನೆಟ್ ಸೋತದ್ದು ಜಗಳದಿಂದಲ್ಲ, ಕಸದಿಂದಲೂ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಅದು ಸೋತದ್ದು ಉಗ್ರಾಣದ ವಿಷಯದಲ್ಲಿ. ಜಾಗ ಸಾಲದೆಂದು ಹೆಚ್ಚಿನ ಯಂತ್ರಗಳು ಹಳೆಯ ಪತ್ರಗಳನ್ನು ಕೆಲವೇ ವಾರಗಳಲ್ಲಿ ಅಳಿಸಿಬಿಡುತ್ತಿದ್ದವು. ಕೂಡಿಡುವುದು ಯಾರ ಕೆಲಸವೂ ಆಗಿರಲಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ ಮಾತ್ರ 1981ರಿಂದ ಹತ್ತು ವರ್ಷ 141 ಟೇಪುಗಳಲ್ಲಿ ಸುಮಾರು ಇಪ್ಪತ್ತು ಲಕ್ಷ ಪತ್ರಗಳನ್ನು ಎತ್ತಿಟ್ಟರು. 1995ರಲ್ಲಿ 'ಡೆಜಾ ನ್ಯೂಸ್' ಎಂಬ ಕಂಪನಿ ಎಲ್ಲವನ್ನೂ ಸಂಗ್ರಹಿಸಿ ಹುಡುಕುವ ಸೌಲಭ್ಯ ಕೊಟ್ಟಿತು. ಜನ ಸಂತೋಷಪಟ್ಟರು. 2001ರ ಫೆಬ್ರವರಿಯಲ್ಲಿ ಆ ಉಗ್ರಾಣವನ್ನು ಗೂಗಲ್ ಕೊಂಡಿತು. ಸ್ಪೆನ್ಸರ್ ಅವರ ಟೇಪುಗಳಲ್ಲಿದ್ದದ್ದೂ ಅಲ್ಲಿಗೇ ಸೇರಿತು. ಆ ವರ್ಷದ ಕೊನೆಗೆ 70 ಕೋಟಿ ಪತ್ರಗಳು ಒಂದೇ ಸೂರಿನಡಿ. ಬೇರೆ ಬಾಗಿಲುಗಳಿಗೆ ಹೋಗುವ ಅಗತ್ಯವೇ ಇಲ್ಲವೆನಿಸಿತು. ಇಂಟರ್ನೆಟ್ ಕಂಪನಿಗಳೂ ವಿಶ್ವವಿದ್ಯಾಲಯಗಳೂ ತಮ್ಮ ಯೂಸ್‌ನೆಟ್ ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದವು. ತವರುಮನೆಯಾದ ಡ್ಯೂಕ್ 2010ರ ಮೇ ತಿಂಗಳಲ್ಲಿ ತನ್ನದನ್ನು ನಿಲ್ಲಿಸಿತು. ಬೆಂಗಳೂರಿನಲ್ಲೋ ಕರಾಚಿಯಲ್ಲೋ ಕೂತವರಿಗೆ ಯೂಸ್‌ನೆಟ್ ಎಂದರೆ ಗೂಗಲ್‌ನ ಒಂದು ಪುಟ ಎಂದಷ್ಟೇ ತಿಳಿದಿತ್ತು.

ಇದೇ ಸಂಗತಿ ಇನ್ನೊಮ್ಮೆ ನಡೆಯಿತು. 1999ರಲ್ಲಿ ಜೆರೆಮಿ ಮಿಲ್ಲರ್ ಆರಂಭಿಸಿದ 'ಜ್ಯಾಬರ್' ಎಂಬ ಹರಟೆ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ತಮ್ಮದೇ ಯಂತ್ರ ಇಟ್ಟು ಬೇರೆ ಯಂತ್ರದವರೊಂದಿಗೆ ಮಾತಾಡಬಹುದಿತ್ತು. 2006ರಲ್ಲಿ ಗೂಗಲ್ ತನ್ನ 'ಟಾಕ್' ಸೇವೆಯನ್ನು ಅದಕ್ಕೆ ಜೋಡಿಸಿತು. 2013ರಲ್ಲಿ ಹೊಸ ಸೇವೆ ತಂದು, ಈ ಕೊಂಡಿಯನ್ನು ಅದರಲ್ಲಿ ಇಡಲಿಲ್ಲ. ಗೆಳೆಯರೆಲ್ಲ ಅಷ್ಟರಲ್ಲಿ ಒಳಗಿದ್ದರು. ಹೊರಗುಳಿದವರ ಪಾಲಿಗೆ ಅವರು ಒಬ್ಬೊಬ್ಬರಾಗಿ ಮೌನವಾದರು.

ಮಾಸ್ಟೊಡಾನನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2016ರಲ್ಲಿ ಜರ್ಮನಿಯ ಯುವಕ ಯೂಜೆನ್ ರೋಚ್ಕೊ ಅದನ್ನು ಹೊರತಂದರು. ಬೇರೆ ಬೇರೆ ಜಾಲತಾಣಗಳು ಪರಸ್ಪರ ಮಾತಾಡುವ 'ಆಕ್ಟಿವಿಟಿಪಬ್' ಎಂಬ ನಿಯಮಾವಳಿಗೆ 2018ರ ಜನವರಿಯಲ್ಲಿ ವೆಬ್‌ನ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು. 2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡಾಗ ಮಾಸ್ಟೊಡಾನ್ ಬಳಸುವವರ ಸಂಖ್ಯೆ ಎರಡೇ ತಿಂಗಳಲ್ಲಿ ಸುಮಾರು ಮೂರು ಲಕ್ಷದಿಂದ 25 ಲಕ್ಷಕ್ಕೇರಿತು, ನಂತರ ಇಳಿಯಿತು. ಸೇರಹೋದವರಿಗೆ ಮೊದಲ ಪ್ರಶ್ನೆ: ಯಾವ ಮನೆಗೆ ಸೇರುತ್ತೀರಿ? ಸಾವಿರಾರು ಸಣ್ಣ ಮನೆಗಳಿವೆ, ಒಂದೊಂದಕ್ಕೂ ಒಬ್ಬೊಬ್ಬರು ಮೇಲ್ವಿಚಾರಕರು. ನಮ್ಮವರು 2019ರಲ್ಲಿ ತಬ್ಬಿಬ್ಬಾದದ್ದು ಇಲ್ಲೇ. ಹೆಚ್ಚಿನವರು ರೋಚ್ಕೊ ಅವರದೇ ದೊಡ್ಡ ಮನೆಗೆ ಹೋದರು. ಇಲ್ಲಿನ ಭಾಷೆ, ಇಲ್ಲಿನ ಬೈಗುಳ, ಇಲ್ಲಿನ ನೋವು ಗೊತ್ತಿರುವ ಮನೆಗಳನ್ನು ನಾವೇ ಕಟ್ಟಿಕೊಳ್ಳಬೇಕಿತ್ತು. ಗುಳೆಯ ಗಡಿಬಿಡಿಯಲ್ಲಿ ಅದಕ್ಕೆ ಪುರುಸೊತ್ತಿರಲಿಲ್ಲ.

ಕಟ್ಟುವುದು ಸುಲಭವೂ ಅಲ್ಲ. ಬಾಡಿಗೆ ಯಂತ್ರದ ಖರ್ಚನ್ನು ಹತ್ತು ಜನ ಹಂಚಿಕೊಂಡರೆ ಭಾರವಾಗದು. ಭಾರವಾಗುವುದು ದಿನದ ಕೆಲಸ. ದೂರು ಓದಬೇಕು, ಹೊಲಸು ತೆಗೆಯಬೇಕು, ಪ್ರತಿಗಳನ್ನು ಎತ್ತಿಡಬೇಕು, ಬೈಸಿಕೊಳ್ಳಬೇಕು. 2023ರಲ್ಲಿ 'ಮಾಸ್ಟೊಡಾನ್.ಲಾಲ್' ಎಂಬ ದೊಡ್ಡ ಮನೆಯನ್ನು ಅದರ ಮೇಲ್ವಿಚಾರಕರು ಬೈಗುಳ ತಾಳಲಾರದೆ ಮುಚ್ಚಿದರು. ಒಬ್ಬರ ಹೆಗಲ ಮೇಲೆ ನಿಂತದ್ದನ್ನು ಸಮುದಾಯದ ಜಾಲ ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ನಮ್ಮಲ್ಲಿ ಮಸೀದಿಯ ದೀಪಕ್ಕೆ, ಶಾಲೆಯ ಚಾವಣಿಗೆ ಚಂದಾ ಎತ್ತುವುದು ಗೊತ್ತು, ಲೆಕ್ಕ ಒಪ್ಪಿಸುವ ಕಮಿಟಿ ಗೊತ್ತು. ಮಾತಾಡುವ ಜಾಗಕ್ಕೂ ಹಾಗೊಂದು ಚಂದಾ, ಹಾಗೊಂದು ಕಮಿಟಿ ಇರಬಹುದೆಂದು ಯಾರೂ ಹೇಳುವುದಿಲ್ಲ. ಅದು ಪುಕ್ಕಟೆ ಸಿಗುತ್ತದೆಂದು ನಮ್ಮನ್ನು ನಂಬಿಸಲಾಗಿದೆ.

ಯೂಸ್‌ನೆಟ್ ಇನ್ನೂ ಸತ್ತಿಲ್ಲ. 2023ರ ಡಿಸೆಂಬರ್‌ನಲ್ಲಿ ಗೂಗಲ್ ಒಂದು ಪ್ರಕಟಣೆ ಹೊರಡಿಸಿತು: ಹಳೆಯ ಪತ್ರಗಳನ್ನು ಓದಬಹುದು, ಆದರೆ 2024ರ ಫೆಬ್ರವರಿ 22ರಿಂದ ತನ್ನ ಬಾಗಿಲಿನ ಮೂಲಕ ಹೊಸದಾಗಿ ಬರೆಯಲಾಗದು, ಹೊಸ ಪತ್ರಗಳು ಕಾಣವು. ಆ ಬಾಗಿಲೊಂದನ್ನೇ ಬಲ್ಲವರಿಗೆ ಕತೆ ಅಲ್ಲಿಗೆ ಮುಗಿಯಿತು. ಬೇರೆ ಯಂತ್ರಗಳ ಮೂಲಕ ಓದುತ್ತಿದ್ದವರು ಕಂಡದ್ದು ಬೇರೆ. ವರ್ಷಗಳಿಂದ ಗುಂಪುಗಳನ್ನು ಮುಳುಗಿಸಿದ್ದ ಕಸದಲ್ಲಿ ಬಹುಪಾಲು ಆ ಬಾಗಿಲಿನಿಂದಲೇ ಬರುತ್ತಿತ್ತು. ಬಾಗಿಲು ಮುಚ್ಚಿದ ದಿನವೇ ಅದು ನಿಂತಿತು. ಈಗ ಅಲ್ಲಿ ಬರೆಯುವವರು ಕೆಲವರೇ. ಅವರಲ್ಲಿ ಅನೇಕರು ಖಾತೆ ಪಡೆಯುವುದು ಜರ್ಮನಿಯಿಂದ ಹಣ ಕೇಳದೆ ನಡೆಯುತ್ತಿರುವ ಒಂದು ಯಂತ್ರದಲ್ಲಿ. ಅದರ ಹೆಸರು 'ಎಟರ್ನಲ್ ಸೆಪ್ಟೆಂಬರ್'.