ಊರ ವರದಿಗಾರ ಮತ್ತು ಮರುಕಳಿಸುವ ಆಘಾತ: ಕುಂದಾಪುರ ಸೀಮೆಯನ್ನು ಮುಂದಿಟ್ಟು ಒಂದು ವಿಚಾರ

ಪತ್ರಕರ್ತರ ಮಾನಸಿಕ ಆಘಾತವನ್ನು ಕುರಿತ ಸಂಶೋಧನೆ ಮೊದಲು ಗಮನಿಸಿದ್ದು ಯುದ್ಧಭೂಮಿಯನ್ನು. ಕೆನಡಾದ ಮನೋವೈದ್ಯ ಆಂಟನಿ ಫೈನ್‌ಸ್ಟೀನ್ ಮತ್ತು ಸಂಗಡಿಗರು 140 ಯುದ್ಧ ವರದಿಗಾರರನ್ನು ಒಳಗೊಂಡು ನಡೆಸಿದ, 2002ರಲ್ಲಿ ಪ್ರಕಟವಾದ ಅಧ್ಯಯನವು ಆಘಾತೋತ್ತರ ಒತ್ತಡದ ಕಾಯಿಲೆಯ ಜೀವಿತಾವಧಿ ಪ್ರಮಾಣ ಶೇ. 28.6 ಎಂದು ಕಂಡುಕೊಂಡಿತು. ಆದರೆ ಅದೇ ಫೈನ್‌ಸ್ಟೀನ್ ತಂಡ 2014ರಲ್ಲಿ, ಸುದ್ದಿಮನೆಯಲ್ಲೇ ಕುಳಿತು ಹಿಂಸೆಯ ದೃಶ್ಯಗಳನ್ನು ಪರಿಶೀಲಿಸುವವರನ್ನು ಅಧ್ಯಯನ ಮಾಡಿದಾಗ, ಎಷ್ಟು ಹೊತ್ತು ನೋಡಿದರು ಎಂಬುದಕ್ಕಿಂತ ಎಷ್ಟು ಸಲ ನೋಡಬೇಕಾಯಿತು ಎಂಬುದೇ ಯಾತನೆಯೊಂದಿಗೆ ಹೆಚ್ಚು ತಳಕು ಹಾಕಿಕೊಂಡಿತ್ತು. ಈ ಮಾತು ನಿಜವಾದರೆ ಕುಂದಾಪುರ, ಬೈಂದೂರು, ಶಂಕರನಾರಾಯಣದಂಥ ಊರುಗಳ ಅರೆಕಾಲಿಕ ವರದಿಗಾರರನ್ನೂ ಅಪಾಯಕ್ಕೆ ಒಡ್ಡಿಕೊಂಡವರೆಂದೇ ಎಣಿಸಬೇಕಾಗುತ್ತದೆ.

2016ರ ಜೂನ್ 21ರಂದು ಇದೇ ಸೀಮೆಯ ತ್ರಾಸಿ ಬಳಿ ಶಾಲಾ ಮಕ್ಕಳಿದ್ದ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. ಇಂಥ ಸುದ್ದಿಗೆ ಪ್ರತಿ ಮಗುವಿನ ಹೆಸರು, ವಯಸ್ಸು, ತರಗತಿ, ತಂದೆತಾಯಿಯ ಹೆಸರು, ಒಂದು ಭಾವಚಿತ್ರ ಬೇಕು. ಭಾವಚಿತ್ರ ಕೇಳಲು ಸಾವಿನ ಮನೆಯ ಅಂಗಳಕ್ಕೇ ಹೋಗಬೇಕು; ಅಲ್ಲಿ ಅಳುತ್ತಿರುವವರು ಪರಿಚಿತರೇ ಆಗಿರಬಹುದು. 158 ಮಂದಿಯನ್ನು ಬಲಿ ತೆಗೆದುಕೊಂಡ 2010ರ ಮಂಗಳೂರು ವಿಮಾನ ದುರಂತದಂಥ ಘಟನೆಗೆ ಹೊರಗಿನಿಂದ ಬಂದ ವರದಿಗಾರ ಕೆಲಸ ಮುಗಿಸಿ ತನ್ನೂರಿಗೆ ಮರಳುತ್ತಾನೆ. ಊರ ವರದಿಗಾರ ಮರುದಿನವೂ ಅದೇ ರಸ್ತೆಯಲ್ಲಿ ಓಡಾಡುತ್ತಾನೆ. ಮಳೆಗಾಲ ಬಂತೆಂದರೆ ಹೊಳೆಪಾಲಾದವರ, ದೋಣಿ ಮಗುಚಿ ಕಾಣೆಯಾದವರ ಸುದ್ದಿಯನ್ನೂ ಅವನೇ ಬರೆಯಬೇಕು.

ನೋಡಿ ನೋಡಿ ಮನಸ್ಸು ಗಟ್ಟಿಯಾಗುತ್ತದೆ, ಹೆಚ್ಚಿನವರು ಆರೋಗ್ಯವಾಗಿಯೇ ಇದ್ದಾರಲ್ಲ ಎಂಬ ಆಕ್ಷೇಪವಿದೆ. ಇದರ ಎರಡನೆಯ ಭಾಗ ಸರಿ. ಯುದ್ಧ ವರದಿಗಾರರಲ್ಲೂ ಬಹುಪಾಲು ಮಂದಿಗೆ ಕಾಯಿಲೆ ಬರಲಿಲ್ಲ. ಆದರೆ ಹೆಚ್ಚಿನವರು ತಾಳಿಕೊಂಡರೆಂಬುದು ಉಳಿದವರನ್ನು ಕೈಬಿಡಲು ಕಾರಣವಾಗದು. ನಿದ್ದೆಗೇಡು, ಬೇಡವೆಂದರೂ ಕಣ್ಮುಂದೆ ಬರುವ ದೃಶ್ಯ, ಘಟನೆಯ ಜಾಗವನ್ನೇ ತಪ್ಪಿಸಿ ಓಡಾಡುವುದು, ಮನೆಯವರ ಮೇಲೆ ಸಿಡುಕುವುದು ಗಟ್ಟಿತನದ ಹೆಸರಿನಲ್ಲಿ ಮುಚ್ಚಿಹೋಗಬಲ್ಲವು. ಪರದೆಯ ಮೇಲೆ ನೋಡಿದ್ದು ಆಘಾತವೇ ಎಂಬ ಸಂದೇಹಕ್ಕೂ ಉತ್ತರವಿದೆ: ಅಮೆರಿಕದ ಮನೋವೈದ್ಯಕೀಯ ಸಂಘದ 2013ರ ಕೈಪಿಡಿಯು ಮಾಧ್ಯಮದ ಮೂಲಕ ಕಂಡ ದೃಶ್ಯಗಳನ್ನು ರೋಗನಿರ್ಣಯದಿಂದ ಹೊರಗಿಟ್ಟರೂ, ಉದ್ಯೋಗದ ಭಾಗವಾಗಿ ಕಂಡವುಗಳಿಗೆ ವಿನಾಯಿತಿ ಕೊಟ್ಟಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ (14416) ಕನ್ನಡದಲ್ಲೂ ನೆರವಾಗುತ್ತದೆ. ಆದರೆ ಕರೆ ಮಾಡುವ ಹೊಣೆಯನ್ನು ಅದು ನೊಂದವರಿಗೇ ಬಿಡುತ್ತದೆ. ಸಾವಿನ ಸುದ್ದಿಯನ್ನು ಸರದಿಯ ಮೇಲೆ ಹಂಚುವುದು, ದೊಡ್ಡ ಅಪಘಾತದ ಬಳಿಕ ಬಿಡುವು ಕೊಡುವುದು, ಆಪ್ತಸಮಾಲೋಚನೆಯ ವೆಚ್ಚ ಭರಿಸುವುದು ಪತ್ರಿಕಾ ಸಂಸ್ಥೆಗಳ ಕರ್ತವ್ಯ. ಈ ಸೌಲಭ್ಯಗಳು ಕಾಯಂ ನೌಕರರಿಗಷ್ಟೇ ಅಲ್ಲ, ಅರೆಕಾಲಿಕ ವರದಿಗಾರರಿಗೂ ಸಲ್ಲಬೇಕು.