ಹತ್ತರಿಂದ ಹದಿನೆಂಟಕ್ಕೆ ಬರಲು 152 ವರ್ಷ

ಧಾರವಾಡದ ಹೈಕೋರ್ಟ್ ಪೀಠ ಅಂದರೆ ನಮ್ಮ ಕಡೆ ಮಂದಿಗೆ ನೆನಪಾಗೋದು ಹೊಲದ ಖಟ್ಲೆ, ಅಣ್ತಮ್ಮಂದಿರ ಪಾಲಿನ ತಕರಾರು. ಆದರೆ 2022ರ ನವೆಂಬರ್ 4ರಂದು ಅದೇ ಪೀಠ ಕೊಟ್ಟ ಒಂದು ತೀರ್ಪು ದಿಲ್ಲಿಯವರೆಗೂ ಹೋಯಿತು. ಒಬ್ಬ ಹುಡುಗ, ಒಬ್ಬ ಹುಡುಗಿ ಕೂಡಿ ಊರು ಬಿಟ್ಟು ಹೋಗಿದ್ದರು. ಹುಡುಗಿಗೆ ಆಗ 17. ಹುಡುಗನ ಮೇಲೆ ಪೋಕ್ಸೊ ಕೇಸಾಯಿತು. ಕೆಳಗಿನ ಕೋರ್ಟಿನಲ್ಲಿ ಖುಲಾಸೆಯಾಗಿ, ಸರ್ಕಾರದ ಮೇಲ್ಮನವಿ ಹೈಕೋರ್ಟಿನಲ್ಲಿ ತೀರ್ಮಾನವಾಗುವ ಹೊತ್ತಿಗೆ ಇಬ್ಬರೂ ಲಗ್ನವಾಗಿ ಮಕ್ಕಳೂ ಆಗಿದ್ದವು. ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಮತ್ತು ನ್ಯಾಯಮೂರ್ತಿ ಜಿ. ಬಸವರಾಜ ಅವರ ಪೀಠ ಖುಲಾಸೆಯನ್ನು ಎತ್ತಿಹಿಡಿಯಿತು. ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಹೋದ ಇಂಥ ಕೇಸುಗಳು ಪದೇ ಪದೇ ಬರುತ್ತಿವೆ, ವಯಸ್ಸಿನ ಈ ಲೆಕ್ಕವನ್ನು ಕಾನೂನು ಆಯೋಗ ಇನ್ನೊಮ್ಮೆ ನೋಡಬೇಕು ಎಂದಿತು.

ಈ ಲೆಕ್ಕಕ್ಕೆ 'ಸಮ್ಮತಿ ವಯಸ್ಸು' ಅಂತ ಹೆಸರು. ಇಷ್ಟು ವಯಸ್ಸಾಗುವವರೆಗೆ ಹುಡುಗಿ 'ಹೂಂ' ಅಂದರೂ ಕಾಯಿದೆ ಅದನ್ನು ಹೂಂ ಅಂತ ಒಪ್ಪೋದಿಲ್ಲ. ಅವಳನ್ನು ಮುಟ್ಟಿದವನು ಅಪರಾಧಿ. ಇವತ್ತು ಅದು 18. ಮೊದಲು ಎಷ್ಟಿತ್ತು ಗೊತ್ತೇ?

ಹತ್ತು.

1860ರ ಭಾರತೀಯ ದಂಡ ಸಂಹಿತೆ ಬರೆದವರು ಇಟ್ಟ ಅಂಕಿ ಅದು. ಹೆಂಡತಿಯಾದರೂ ಅಷ್ಟೇ, ಲಗ್ನವಾಗದವಳಾದರೂ ಅಷ್ಟೇ. ಈಗಿನ ನಾಲ್ಕನೇ, ಐದನೇ ಇಯತ್ತೆಯ ಕೂಸಿನ ವಯಸ್ಸು. ಆಗ ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ನವಲಗುಂದದ ಖಟ್ಲೆಗೂ ಮೇಲಿನ ಕೋರ್ಟು ಅಂದರೆ ಮುಂಬೈ ಹೈಕೋರ್ಟು. ದೇಶದ ಗಮನ ಸೆಳೆದ ರಖಮಾಬಾಯಿಯ ಖಟ್ಲೆ ನಡೆದದ್ದೂ ಅಲ್ಲೇ.

ರಖಮಾಬಾಯಿಗೆ 11ರಲ್ಲಿ ಲಗ್ನವಾಗಿತ್ತು. ಗಂಡ ದಾದಾಜಿ ಭಿಕಾಜಿ. ಅವಳು ತವರಲ್ಲೇ ಇದ್ದು ಓದಿದಳು, ಗಂಡನ ಮನೆಗೆ ಹೋಗಲಿಲ್ಲ. 1884ರಲ್ಲಿ ಅವನು ಹೆಂಡತಿಯನ್ನು ಕಳಿಸಿಕೊಡಿ ಎಂದು ದಾವೆ ಹಾಕಿದ. ಮೊದಲ ನ್ಯಾಯಾಧೀಶ ಪಿನ್ಹೆ, ಬುದ್ಧಿ ಬರುವ ಮೊದಲೇ ಆದ ಲಗ್ನಕ್ಕೆ ಈ ಹೆಣ್ಣುಮಗಳನ್ನು ಬಲವಂತವಾಗಿ ದೂಡಲಾರೆ ಎಂಬ ಅರ್ಥದ ತೀರ್ಪು ಕೊಟ್ಟರು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. 1887ರಲ್ಲಿ ಬಂದ ಆದೇಶ: ಒಂದೋ ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು. ಅವಳು ಜೈಲಾದರೂ ಸೈ ಎಂದಳು. ಕೊನೆಗೆ 1888ರಲ್ಲಿ ಎರಡು ಸಾವಿರ ರೂಪಾಯಿಗೆ ರಾಜಿಯಾಯಿತು. ಲಂಡನ್ನಿಗೆ ಹೋಗಿ ಡಾಕ್ಟರಿಕೆ ಕಲಿತು ಬಂದು ಸೂರತ್, ರಾಜಕೋಟದ ಹೆಣ್ಣುಮಕ್ಕಳಿಗೆ ಔಷಧ ಕೊಟ್ಟಳು. ಇಡೀ ಖಟ್ಲೆಯಲ್ಲಿ ಕೋರ್ಟಿಗೆ ತಲೆನೋವಾದದ್ದು ಒಂದೇ ಪ್ರಶ್ನೆ: ಒಲ್ಲೆ ಎನ್ನುವ ಹಕ್ಕು ಅವಳಿಗೆ ಇದೆಯೋ ಇಲ್ಲವೋ?

ಕಾಯಿದೆ ಬದಲಾಗಲು ಒಂದು ಹೆಣ ಬೀಳಬೇಕಾಯಿತು. ಕಲ್ಕತ್ತೆಯಲ್ಲಿ 1889ರಲ್ಲಿ ಫುಲಮಣಿ ಎಂಬ ಹತ್ತು-ಹನ್ನೊಂದರ ಹುಡುಗಿ ಗಂಡನ ಕೋಣೆಯಲ್ಲಿ ಸತ್ತಳು. ಗಂಡ ಅವಳಿಗಿಂತ ಇಪ್ಪತ್ತು ವರ್ಷಕ್ಕೂ ದೊಡ್ಡವನು. ಅವಳು ಹತ್ತು ದಾಟಿದ್ದಳು, ಆದ್ದರಿಂದ ಅದು ಅತ್ಯಾಚಾರವೇ ಅಲ್ಲ ಎಂದಾಯಿತು. ಗಾಯ ಮಾಡಿದ ತಪ್ಪಿಗೆ ಒಂದು ವರ್ಷ ಶಿಕ್ಷೆ, ಮುಗಿಯಿತು. ಮುಂಬೈಯ ಪತ್ರಕರ್ತ ಬೆಹರಾಮಜಿ ಮಲಬಾರಿ ಅಷ್ಟರಲ್ಲಾಗಲೇ ಬಾಲ್ಯವಿವಾಹದ ವಿರುದ್ಧ ಬರೆದು ಬರೆದು ಗದ್ದಲ ಎಬ್ಬಿಸಿದ್ದರು. 1891ರ ಮಾರ್ಚ್‌ನಲ್ಲಿ ಕಾಯಿದೆ ಬಂತು. ಹತ್ತು ಇದ್ದದ್ದು ಹನ್ನೆರಡಾಯಿತು. ಎರಡೇ ವರ್ಷ.

ಆ ಎರಡು ವರ್ಷಕ್ಕೆ ಪುಣೆಯಲ್ಲಿ, ಕಲ್ಕತ್ತೆಯಲ್ಲಿ ದೊಡ್ಡ ದೊಡ್ಡ ಸಭೆಗಳಾದವು. ತಿಲಕರ 'ಕೇಸರಿ' ಪತ್ರಿಕೆ ಉಗ್ರವಾಗಿ ವಿರೋಧಿಸಿತು. ಮಜಾ ಅಂದರೆ, ಹುಡುಗಿಗೆ 16, ಹುಡುಗನಿಗೆ 20 ಆಗುವವರೆಗೆ ಲಗ್ನ ಮಾಡುವುದಿಲ್ಲ ಎಂದು ನಾವೇ ಪಣ ತೊಡೋಣ ಎಂದಿದ್ದವರೂ ತಿಲಕರೇ. ಪರದೇಶದ ಸರ್ಕಾರ ನಮ್ಮ ಮನೆಯೊಳಗೆ ಕೈ ಹಾಕಬಾರದು ಅನ್ನುವುದು ಅವರ ವಾದ. ರಾನಡೆ, ತೆಲಂಗ, ಭಾಂಡಾರಕರ ಕಾಯಿದೆಯ ಪರ ನಿಂತರು. ಮನೆಯ ಮಾನ, ಧರ್ಮ, ಸರ್ಕಾರ ಎಲ್ಲದರ ಬಗ್ಗೆ ಚರ್ಚೆಯಾಯಿತು. ಹನ್ನೊಂದರ ಹುಡುಗಿಯ ಬಗ್ಗೆ ಮಾತಾಡಿದವರು ಕಡಿಮೆ.

ತುಂಗಭದ್ರೆಯ ಆಚೆ, ಮೈಸೂರು ಸಂಸ್ಥಾನ 1894ರಲ್ಲಿ ಬೇರೆ ದಾರಿ ಹಿಡಿಯಿತು. ಎಂಟು ತುಂಬದ ಹುಡುಗಿಯ ಲಗ್ನವನ್ನೇ ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ ಎಂದಿತು. ಎಂಟು ಅನ್ನುವುದು ಇವತ್ತು ಕೇಳಿದರೆ ನಗು ಬರುತ್ತದೆ, ಸಂಕಟವೂ ಆಗುತ್ತದೆ. ಆದರೆ ಆಗ ಲಗ್ನಕ್ಕೇ ಕೈ ಹಾಕಿದ ಸರ್ಕಾರ ಅಪರೂಪ. ನಮ್ಮ ಕಡೆ ಲಗ್ನಕ್ಕೆ ವಯಸ್ಸಿನ ಮಿತಿ ಬಂದದ್ದು ಶಾರದಾ ಕಾಯಿದೆಯಿಂದ, 1930ರ ಏಪ್ರಿಲ್ 1ರಿಂದ: ಹುಡುಗಿಗೆ 14, ಹುಡುಗನಿಗೆ 18. ಕಾಯಿದೆ ಪಾಸಾದದ್ದು 1929ರ ಸೆಪ್ಟೆಂಬರ್‌ನಲ್ಲಿ. ನಡುವಿನ ಆರು ತಿಂಗಳು ಮಂದಿ ಏನು ಮಾಡಿದರು? ದೇಶದ ತುಂಬ ತೊಟ್ಟಿಲ ಕೂಸುಗಳಿಗೂ ಗಡಿಬಿಡಿಯಿಂದ ಲಗ್ನ ಮಾಡಿ ಮುಗಿಸಿದರು. 1931ರ ಜನಗಣತಿಯಲ್ಲಿ ಲಗ್ನವಾದ ಪುಟ್ಟ ಮಕ್ಕಳ ಸಂಖ್ಯೆ ಏರಿದ್ದು ಅದಕ್ಕೇ. ದೂರು ಕೊಡುವವನಿಂದಲೇ ನೂರು ರೂಪಾಯಿವರೆಗೆ ಮುಚ್ಚಳಿಕೆ ಕೇಳಬಹುದಿತ್ತು. ತನ್ನ ಕಿಸೆಗೆ ಕತ್ತರಿ ಹಾಕಿಕೊಂಡು ಬೀಗರ ಮೇಲೆ ದೂರು ಕೊಡುವವರು ಯಾರು?

ಇಲ್ಲಿ ಒಂದು ಸಣ್ಣ ವಿಷಯ ಗಮನಿಸಬೇಕು. 1925ರಿಂದ ಕಾಯಿದೆಯಲ್ಲಿ ಎರಡು ಅಂಕಿ ಬಂದವು. ಲಗ್ನದ ಹೊರಗೆ 14, ಹೆಂಡತಿಗೆ 13. 1949ರಲ್ಲಿ ಹೊರಗೆ 16, ಹೆಂಡತಿಗೆ 15. 1978ರಲ್ಲಿ ಹುಡುಗಿಯ ಲಗ್ನದ ವಯಸ್ಸು 18 ಆಯಿತು, ಆದರೆ ಹೆಂಡತಿಯ ಆ 15 ಅಲ್ಲೇ ಕೂತಿತು. 2012ರ ನವೆಂಬರ್ 14ರಂದು ಪೋಕ್ಸೊ ಜಾರಿಯಾಗಿ, ಮರುವರ್ಷ ದಂಡ ಸಂಹಿತೆಯೂ ತಿದ್ದುಪಡಿಯಾಗಿ ಹೊರಗಿನ ಅಂಕಿ 18ಕ್ಕೆ ಬಂತು. ಆಗಲೂ ದಂಡ ಸಂಹಿತೆಯಲ್ಲಿ ಹೆಂಡತಿಗೆ 15! ಅಂದರೆ ಹದಿನಾರರ ಹುಡುಗಿ ತಾನಾಗಿ ಒಪ್ಪಿದರೂ ಅದು ಒಪ್ಪಿಗೆಯಲ್ಲ. ಅದೇ ಹುಡುಗಿಗೆ ಮನೆಯವರು ತಾಳಿ ಕಟ್ಟಿಸಿದರೆ ಅವಳ ಒಪ್ಪಿಗೆ ಕೇಳುವ ಗರಜೇ ಇಲ್ಲ. ಈ ಅಡ್ಡಾದಿಡ್ಡಿಯನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2017ರ ಅಕ್ಟೋಬರ್ 11ರಂದು. ಆ ತೀರ್ಪಿನಲ್ಲಿ ಕರ್ನಾಟಕಕ್ಕೆ ಒಂದು ಶಾಭಾಸಗಿರಿ ಇದೆ. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ 2011ರ ವರದಿಯ ಬಳಿಕ ನಮ್ಮ ರಾಜ್ಯ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎಂದು ತಿದ್ದುಪಡಿ ತಂದಿತ್ತು. ಉಳಿದ ರಾಜ್ಯಗಳೂ ಆ ದಾರಿ ಹಿಡಿಯಲಿ ಎಂದಿತು ಕೋರ್ಟು.

ಕಾಗದದ ಮೇಲೆ ಎರಡೂ ಅಪರಾಧ. ಊರೊಳಗೆ? ಹದಿನಾರರ ಮಗಳು ತಾನು ಮೆಚ್ಚಿದವನ ಜೊತೆ ಹೋದರೆ ರಾತ್ರೋರಾತ್ರಿ ಸ್ಟೇಷನ್ನಿನಲ್ಲಿ ಮಂದಿ ಸೇರುತ್ತದೆ. ಅದೇ ಮಗಳನ್ನು ಸೋದರಮಾವನಿಗೆ ಕೊಟ್ಟು ಯಾದಿ ಮ್ಯಾಲ ಶಾದಿ ಮಾಡಿದರೆ ಊರೆಲ್ಲ ಹೋಗಿ ಹೋಳಿಗೆ ಉಂಡು ಬರುತ್ತದೆ. ಹುಡುಗ ಬೇರೆ ಜಾತಿಯವನಾದರೆ ಪೋಕ್ಸೊ ನೆನಪಾಗುತ್ತದೆ. ಸ್ವಂತ ಜಾತಿಯವನಾದರೆ ಹಿರಿಯರ ಪಂಚಾಯಿತಿ ಸಾಕಾಗುತ್ತದೆ. ಮಕ್ಕಳನ್ನು ಕಾಯಲು ಬಂದ ಕಾಯಿದೆ ಎಷ್ಟೋ ಸಲ ಮನೆತನದ ಮಾನ ಕಾಯುವ ಕೆಲಸಕ್ಕೆ ಬಳಕೆಯಾಗುತ್ತಿದೆ ಅನ್ನುವುದು ನಮ್ಮ ಅನಿಸಿಕೆ.

ಶಿಕ್ಷೆಯೂ ಸಣ್ಣದಲ್ಲ. 2019ರ ತಿದ್ದುಪಡಿಯ ಬಳಿಕ, ಹುಡುಗಿ ಬಸುರಾದರೆ ಹುಡುಗನಿಗೆ ಕನಿಷ್ಠ 20 ವರ್ಷ. ಅವನು ಹತ್ತೊಂಬತ್ತರ ಪೋರನಾದರೂ ಅಷ್ಟೇ, ಪಕ್ಕದ ಮನೆಯ ಐವತ್ತರ ಗಂಡಸಾದರೂ ಅಷ್ಟೇ. ವಿಷಯ ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಡಾಕ್ಟರೂ ಸೇರಿ. ಇದರ ಪೆಟ್ಟು ಬೀಳುವುದು ಆಸ್ಪತ್ರೆಯ ಬಾಗಿಲಲ್ಲಿ. ಹದಿನೇಳರ ಬಸುರಿಯನ್ನು ಕರೆದುಕೊಂಡು ಹೋದರೆ ತಾಯಿ ಕಾರ್ಡಿನಲ್ಲಿ ವಯಸ್ಸು ಬರೆಸಬೇಕು, ಬರೆಸಿದರೆ ಕೇಸು. ಹಾಗಾಗಿ ವಯಸ್ಸು ಮುಚ್ಚಿಡುತ್ತಾರೆ, ಇಲ್ಲ ಹುಡುಗಿಯನ್ನೇ ಮುಚ್ಚಿಡುತ್ತಾರೆ. ಇದನ್ನು ಕಂಡೇ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಒಂದು ಬಾಗಿಲು ತೆರೆಯಿತು: ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಡಾಕ್ಟರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ. ಇದು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಗೊತ್ತಿದೆಯೇ, ಕೇಳಿ ನೋಡಿ.

ಹಾಗಾದರೆ ಅಂಕಿಯನ್ನು 16ಕ್ಕೆ ಇಳಿಸಿಬಿಡೋಣವೇ? ಧಾರವಾಡ ಪೀಠದಿಂದ ಬಂದ ಪ್ರಶ್ನೆಗೆ ಕಾನೂನು ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ತನ್ನ 283ನೇ ವರದಿಯಲ್ಲಿ ಬೇಡ ಎಂದಿತು. ಆಗ ಅಧ್ಯಕ್ಷರಾಗಿದ್ದವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. ಇಳಿಸಿದರೆ ಬಾಲ್ಯವಿವಾಹದ ವಿರುದ್ಧದ ಹೋರಾಟಕ್ಕೆ, ಮಕ್ಕಳ ಸಾಗಣೆ ತಡೆಯುವ ಕೆಲಸಕ್ಕೆ ಧಕ್ಕೆ ಎಂಬ ಅಂಜಿಕೆ ಅವರದ್ದು. ಆ ಅಂಜಿಕೆ ಸುಳ್ಳಲ್ಲ. 16 ಎಂದು ಬರೆದ ಮರುದಿನವೇ ಹದಿನಾರರ ಮಗಳ ಯಾದಿ ಬರೆಸಲು ಕೂರುವ ಅಪ್ಪಂದಿರು ನಮ್ಮ ನಡುವೆ ಇದ್ದಾರೆ. ಆದರೆ 16ರಿಂದ 18ರ ನಡುವಿನವಳು ತಾನಾಗಿ ಒಪ್ಪಿದ್ದ ಕೇಸುಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ಅಧಿಕಾರ ನ್ಯಾಯಾಧೀಶರಿಗೆ ಇರಲಿ ಎಂದೂ ಆಯೋಗ ಹೇಳಿತು. ಇಬ್ಬರ ವಯಸ್ಸಿನ ಅಂತರ ಮೂರು ವರ್ಷ ಮೀರಿರಬಾರದು, ಮೋಸ, ಒತ್ತಾಯ ಇರಬಾರದು, ಹುಡುಗನ ಮೇಲೆ ಹಳೆಯ ಅಪರಾಧ ಇರಬಾರದು. ಇಂಥವನ್ನೆಲ್ಲ ನೋಡಿ ತೀರ್ಮಾನಿಸಲಿ ಎಂದಿತು. ನಮಗೆ ಸರಿ ಅನ್ನಿಸುವುದು ಈ ದಾರಿ. ಇದರಲ್ಲಿ ಕೋರ್ಟು ಹುಡುಗಿಯನ್ನು ಕೂರಿಸಿ ಅವಳ ಮಾತು ಕೇಳಲೇಬೇಕಾಗುತ್ತದೆ.

2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲೂ ವಯಸ್ಸು 18. ಆಯೋಗ ಹೇಳಿದ ಆ ಅಧಿಕಾರದ ಮಾತು ಅದರಲ್ಲಿ ಸೇರಲಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹಿರಿಯ ವಕೀಲೆ ಇಂದಿರಾ ಜೈಸಿಂಗ್ 16ರಿಂದ 18ರವರ ವಿಷಯ ಎತ್ತಿದಾಗ ಕೇಂದ್ರ ಸರ್ಕಾರ 18ನ್ನು ಸಡಿಲಿಸಕೂಡದು ಎಂದಿತು.

ಧಾರವಾಡ ಪೀಠ ಅವತ್ತು ಇನ್ನೊಂದು ಮಾತೂ ಹೇಳಿತ್ತು, ಅದು ಪೇಪರಿನಲ್ಲಿ ಅಷ್ಟು ಸುದ್ದಿಯಾಗಲಿಲ್ಲ. 9ನೇ ಇಯತ್ತೆಯಿಂದಲೇ ಮಕ್ಕಳಿಗೆ ಈ ಕಾಯಿದೆ ಏನು, ಮುರಿದರೆ ಏನಾಗುತ್ತದೆ ಎಂದು ಪಾಠ ಮಾಡಿ, ಅದಕ್ಕೆ ಪುಸ್ತಕ ತಯಾರಿಸಿ ಎಂದು ಶಿಕ್ಷಣ ಇಲಾಖೆಗೆ ನಿರ್ದೇಶನ ಕೊಟ್ಟಿತ್ತು. ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಇವತ್ತು ಸಂಜೆ ಕೇಳಿ: ಈ ಪಾಠ ನಿಮ್ಮ ಸಾಲ್ಯಾಗ ಆಗೇತೇನು?