ಎರೆ ಮಣ್ಣಿನ ರ‍್ಯಾಲಿ: ಶೇಖರ್ ಮೆಹ್ತಾ ಕಥೆ

ಇವತ್ತಿನ ಮಾತು ಒಬ್ಬ ರ‍್ಯಾಲಿ ಡ್ರೈವರ್ ಬಗ್ಗೆ. ಆದರೆ ಶುರು ಮಾಡೋದು ವಡೋದರಾದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಿಂದ.

ನಾನು ನವಲಗುಂದದ ಕಡೆಯವನು. ಎಂಟು ವರ್ಷದಿಂದ ಇಲ್ಲಿದ್ದೇನೆ. ಮನೆ ವಡೋದರಾ, ಆಫೀಸು ಅಹಮದಾಬಾದ್, ಕ್ಲೈಂಟ್ ಸೂರತ್. ಹೊಸದಾಗಿ ಬಂದಾಗ ಪಕ್ಕದ ಮನೆಯ ಹಿರಿಯರನ್ನು ಕೇಳಿದ್ದೆ, "ಕಾಕಾ, ನಿಮ್ಮ ಮೂಲ ಊರು ಯಾವುದು?" ಆಣಂದ್ ಅಂತಲೋ ನಡಿಯಾದ್ ಅಂತಲೋ ಹೇಳ್ತಾರೆ ಅಂದ್ಕೊಂಡಿದ್ದೆ. ಅವರು ಹೇಳಿದ್ದು "ಕಂಪಾಲಾ".

ಅವರಿಂದಲೇ ನಾನು ಶೇಖರ್ ಮೆಹ್ತಾ ಹೆಸರು ಮೊದಲು ಕೇಳಿದ್ದು.

ಗುಜರಾತಿಗಳಿಗೂ ಪೂರ್ವ ಆಫ್ರಿಕಾಕ್ಕೂ ನಂಟು ಬಹಳ ಹಳೆಯದು. ಮಾನ್ಸೂನ್ ಗಾಳಿ ನಂಬಿ ಹಾಯಿ ಹಡಗಿನಲ್ಲಿ ವ್ಯಾಪಾರಕ್ಕೆ ಹೋಗಿಬರುತ್ತಿದ್ದರು. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ಒಳನಾಡಿಗೆ ರೈಲು ಹಳಿ ಹಾಕಲು ಶುರು ಮಾಡಿದರು. ಹಳಿ ಹಾಕಿದ ಕೂಲಿಗಳಲ್ಲಿ ಹೆಚ್ಚಿನವರು ಪಂಜಾಬಿನವರು. ಹಳಿಯ ಉದ್ದಕ್ಕೂ ಅಂಗಡಿ ಇಟ್ಟವರಲ್ಲಿ ಗುಜರಾತಿಗಳೇ ಮುಂದೆ. ಹಾಗೆ ಬೇರು ಬಿಟ್ಟ ಸಮುದಾಯದ ಒಂದು ಶ್ರೀಮಂತ ಪ್ಲಾಂಟೇಶನ್ ಮನೆತನದಲ್ಲಿ 1945ರಲ್ಲಿ, ಯುಗಾಂಡಾದಲ್ಲಿ, ಚಂದ್ರಶೇಖರ್ ಮೆಹ್ತಾ ಹುಟ್ಟಿದರು. 21ನೇ ವಯಸ್ಸಿಗೆ ಒಂದು ಬಿಎಂಡಬ್ಲ್ಯು ಕಾರಿನಲ್ಲಿ ರ‍್ಯಾಲಿಗೆ ಇಳಿದರು.

ಅಲ್ಲಿ ರ‍್ಯಾಲಿ ಅಂದ್ರೆ ಸಫಾರಿ ರ‍್ಯಾಲಿ. ರಾಣಿ ಎಲಿಜಬೆತ್ ಪಟ್ಟಾಭಿಷೇಕದ ನೆನಪಿಗೆ 1953ರಲ್ಲಿ ಶುರುವಾದದ್ದು. ಈಸ್ಟರ್ ರಜೆಯಲ್ಲಿ, ಸುಮಾರು 5,000 ಕಿಲೋಮೀಟರ್. ಯುರೋಪಿನ ರ‍್ಯಾಲಿಗಳ ಹಾಗೆ ರಸ್ತೆ ಮುಚ್ಚಿ ಓಡಿಸೋದಲ್ಲ. ಎದುರಿಗೆ ಲಾರಿ, ದನ, ಕೆಲವೊಮ್ಮೆ ಜಿರಾಫೆ ಕೂಡ ಬರಬಹುದು. ಗೊತ್ತುಮಾಡಿದ ಜಾಗಕ್ಕೆ ಗೊತ್ತುಮಾಡಿದ ಹೊತ್ತಿಗೆ ಮುಟ್ಟಬೇಕು. ತಡವಾದಷ್ಟೂ ದಂಡದ ಅಂಕ. ಕಡಿಮೆ ದಂಡ ಬಿದ್ದವನು ಗೆದ್ದ.

ಇದರ ಮೇಲೆ ಮಳೆ. ಈಸ್ಟರ್ ಹೊತ್ತಿಗೆ ಅಲ್ಲಿ ಮಳೆಗಾಲ. ನೆಲ ಎಂಥದ್ದು ಗೊತ್ತಾ? ನಮ್ಮ ಎರೆ ಮಣ್ಣು! ಕೀನ್ಯಾದಲ್ಲೂ ಅದಕ್ಕೆ ‘ಬ್ಲ್ಯಾಕ್ ಕಾಟನ್ ಸಾಯಿಲ್’ ಅಂತಲೇ ಹೆಸರು. ನವಲಗುಂದದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಹದ ಮಳೆ ಬಿದ್ದರೆ ಚಕ್ಕಡಿ ಕೂಡ ಹೊಲಕ್ಕೆ ಇಳಿಯೋಲ್ಲ. ವಡೋದರಾ–ಸೂರತ್ ನಡುವೆಯೂ ಇದೇ ಮಣ್ಣು. ಒಮ್ಮೆ ಆಗಸ್ಟಿನಲ್ಲಿ ಭರೂಚ್ ಹತ್ತಿರ ಹೈವೇ ಟ್ರಾಫಿಕ್ ತಪ್ಪಿಸೋಕೆ ಮ್ಯಾಪ್ ನಂಬಿ ಹೊಲದ ದಾರಿಗೆ ಇಳಿದೆ. ಎರಡು ಗಂಟೆ ಆದಮೇಲೆ ಒಬ್ಬ ರೈತರ ಟ್ರ್ಯಾಕ್ಟರು ನನ್ನನ್ನು ಎಳೆದು ಹಾಕಿತು. ಎರೆ ನಾಡಿನಲ್ಲಿ ಹುಟ್ಟಿದವನಿಗೆ ಇದಕ್ಕಿಂತ ಅವಮಾನ ಬೇಕಾ!

1971ರ ಸಫಾರಿಯಲ್ಲಿ ಮೆಹ್ತಾ ಎರಡನೆಯವರಾಗಿ ಬಂದರು. ಮರುವರ್ಷ ಆಗಸ್ಟ್ 4ರಂದು ಇದಿ ಅಮೀನ್ ಘೋಷಣೆ ಬಂತು: ಏಷ್ಯನ್ನರು 90 ದಿನದಲ್ಲಿ ಯುಗಾಂಡಾ ಬಿಡಬೇಕು. ಮನೆ, ಅಂಗಡಿ, ತೋಟ ಎಲ್ಲ ಬಿಟ್ಟು ಹತ್ತಾರು ಸಾವಿರ ಜನ ಹೊರಟರು. ಬ್ರಿಟನ್ನೊಂದಕ್ಕೇ 27,000ಕ್ಕೂ ಹೆಚ್ಚು ಜನ ಹೋದರು. ನಮ್ಮ ಕಾಕಾ ಎರಡು ಸೂಟ್‌ಕೇಸ್ ಹಿಡಿದು ವಡೋದರಾಕ್ಕೆ ಬಂದರು. ಮೆಹ್ತಾ ಕುಟುಂಬ ಪಕ್ಕದ ಕೀನ್ಯಾಕ್ಕೆ ಹೋಯಿತು. ದುಡ್ಡಿದ್ದವರಿಗೆ ದಾರಿ ಸ್ವಲ್ಪ ಸಲೀಸು, ಅದನ್ನು ಮುಚ್ಚಿಡಬಾರದು. ಆದರೆ ಹುಟ್ಟಿದ ನೆಲ "ನೀನು ನಮ್ಮವನಲ್ಲ" ಅಂದದ್ದು ಇಬ್ಬರಿಗೂ ಒಂದೇ.

ಆ ಗಡುವು ಮುಗಿದು ಆರು ತಿಂಗಳೂ ಆಗಿರಲಿಲ್ಲ. 1973ರ ಈಸ್ಟರ್. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಶುರುವಾದ ವರ್ಷ, ಸಫಾರಿಯೂ ಅದರೊಳಗೆ ಸೇರಿತ್ತು. ಡಾಟ್ಸನ್ 240 ಝಡ್ ಕಾರು, ಪಕ್ಕದಲ್ಲಿ ಕೋ-ಡ್ರೈವರ್ ಲಾಫ್ಟಿ ಡ್ರೂಸ್. ಕೊನೆಗೆ ಲೆಕ್ಕ ಹಾಕಿದರೆ ಮೆಹ್ತಾಗೂ ಸ್ವೀಡನ್ನಿನ ಹ್ಯಾರಿ ಷೆಲ್‌ಸ್ಟ್ರಾಮ್‌ಗೂ ದಂಡ ಸರಿಸಮ! ಯಾರು ಹೆಚ್ಚು ದೂರ ದಂಡವಿಲ್ಲದೆ ಬಂದರು ಅಂತ ನೋಡಿದರು. ಮೆಹ್ತಾ ಗೆದ್ದರು.

ಆಮೇಲೆ 1979, 1980, 1981, 1982. ಸತತ ನಾಲ್ಕು ವರ್ಷ, ಕೋ-ಡ್ರೈವರ್ ಮೈಕ್ ಡೌಟಿ ಜೊತೆ, ಸಾದಾ ಫ್ಯಾಮಿಲಿ ಕಾರಿನ ಮೇಲೆ ಕಟ್ಟಿದ ಡಾಟ್ಸನ್‌ಗಳಲ್ಲಿ. 1979ರಲ್ಲಿ ಐದು ಲೀಟರ್ ಎಂಜಿನ್ನಿನ ಮರ್ಸಿಡಿಸ್ ತಂದ ಹನ್ನು ಮಿಕೋಲಾ ಎರಡನೆಯವರು. 1982ರಲ್ಲಿ ಎರಡನೆಯವರಾದ ವಾಲ್ಟರ್ ರೋರ್ಲ್ ಆ ವರ್ಷದ ವಿಶ್ವ ಚಾಂಪಿಯನ್. ಒಟ್ಟು ಐದು ಗೆಲುವಿನ ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ.

ಹೇಗೆ ಸಾಧ್ಯವಾಯ್ತು? ಸಫಾರಿಯಲ್ಲಿ ಬರೀ ವೇಗ ಸಾಲೋಲ್ಲ. ಎಲ್ಲಿ ಕಾರನ್ನು ಉಳಿಸಿಕೊಳ್ಳಬೇಕು, ಯಾವ ಹಳ್ಳ ದಾಟಬಹುದು, ಯಾವ ಕೆಸರಿಗೆ ಕಾಯಬೇಕು ಅಂತ ಗೊತ್ತಿರಬೇಕು. ಯುರೋಪಿನವರು ಅದನ್ನು ಅಭ್ಯಾಸ ಮಾಡಿ ಕಲಿಯಬೇಕಿತ್ತು. ಮೆಹ್ತಾ ಆ ಸೀಮೆಯಲ್ಲೇ ಬೆಳೆದವರು. ಅಮೀನನ ಕಣ್ಣಿಗೆ ಅವರು ಹೊರಗಿನವರು. ರಸ್ತೆಯ ಲೆಕ್ಕದಲ್ಲಿ ಅವರಿಗಿಂತ ಒಳಗಿನವರು ಕಡಿಮೆ.

1987ರಲ್ಲಿ ಈಜಿಪ್ಟಿನ ಫೇರೋಸ್ ರ‍್ಯಾಲಿಯಲ್ಲಿ ಭಾರೀ ಅಪಘಾತವಾಗಿ ಅವರ ಡ್ರೈವಿಂಗ್ ಮುಗಿಯಿತು. ಆದರೆ ರ‍್ಯಾಲಿ ಬಿಡಲಿಲ್ಲ. ಮೋಟಾರು ಕ್ರೀಡೆಗಳ ವಿಶ್ವ ಸಂಸ್ಥೆ ಎಫ್‌ಐಎಯ ರ‍್ಯಾಲಿ ಆಯೋಗದ ಅಧ್ಯಕ್ಷರಾದರು. 2006ರ ಏಪ್ರಿಲ್ 12ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ವಯಸ್ಸು 60. 2002ರ ನಂತರ ವಿಶ್ವ ಚಾಂಪಿಯನ್‌ಶಿಪ್ಪಿನಿಂದ ಬಿಟ್ಟುಹೋಗಿದ್ದ ಸಫಾರಿ 2021ರಲ್ಲಿ ವಾಪಸ್ ಬಂತು. ಅದನ್ನು ನೋಡೋಕೆ ಅವರಿರಲಿಲ್ಲ.

1990ರ ದಶಕದಲ್ಲಿ ಯುಗಾಂಡಾ ಸರ್ಕಾರ ಹಳೆಯ ಏಷ್ಯನ್ನರನ್ನು ವಾಪಸ್ ಕರೆದು ಆಸ್ತಿ ಬಿಟ್ಟುಕೊಟ್ಟಿತು. ಕಾಕಾ ಹೋಗಲಿಲ್ಲ. "ಇಷ್ಟು ಹೊತ್ತಿಗೆ ಇಲ್ಲಿನ ಗಲ್ಲಿಗಳೂ ಗೊತ್ತಾಗಿದ್ದವಲ್ಲಪ್ಪಾ" ಅಂದರು. ಆದರೂ ಊರು ಕೇಳಿದರೆ ಕಂಪಾಲಾನೇ.

ನಮ್ಮ ಮನೆ ಹತ್ತಿರ ಹಾದುಹೋಗೋ ರಾಷ್ಟ್ರೀಯ ಹೆದ್ದಾರಿ 48 ಅಹಮದಾಬಾದ್, ವಡೋದರಾ, ಸೂರತ್ ಮುಟ್ಟಿ, ಬೆಳಗಾವಿ, ಹುಬ್ಬಳ್ಳಿ ಮೇಲೆ ಬೆಂಗಳೂರಿಗೇ ಹೋಗುತ್ತೆ. ಎಂಟು ವರ್ಷ ನನಗೆ ಅದು ಊರಿಗೆ ಹೋಗೋ ರಸ್ತೆ ಮಾತ್ರ ಆಗಿತ್ತು. ಇಲ್ಲೇ ಹುಟ್ಟಿದ ನನ್ನ ಆರು ವರ್ಷದ ಮಗಳನ್ನು ಊರು ಕೇಳಿದರೆ "ಬರೋಡಾ" ಅಂತಾಳೆ. ಮೊದಲೆಲ್ಲ "ನವಲಗುಂದ ಅನ್ನು" ಅಂತ ತಿದ್ದುತ್ತಿದ್ದೆ. ಈ ಕಥೆ ಓದಿದ ಮೇಲೆ ತಿದ್ದೋದು ಬಿಟ್ಟಿದ್ದೇನೆ. ನವಲಗುಂದದ ರಸ್ತೆಯನ್ನೂ ತೋರಿಸ್ತೀನಿ, ಅಷ್ಟೇ.

ನಿಮ್ಮ ಮಕ್ಕಳು ಏನಂತಾರೆ? ಬರೆದು ತಿಳಿಸಿ. ಮತ್ತೆ ಸಿಗೋಣ.